ಹತ್ತಿರದ ದಾರಿಗೆ ಹಗುರ ಬಂಡಿ

ಬೆಳಗಿನ ಐದೂವರೆ ಗಂಟೆಗೆ ನಮ್ಮ ನಾಡಿನ ಯಾವುದೇ ತಾಲ್ಲೂಕು ಪಟ್ಟಣದ ಪೇಟೆ ಬೀದಿಯಲ್ಲಿ ನಿಂತರೆ ಮೊದಲು ಕಿವಿಗೆ ಬೀಳುವುದು ಮೊಪೆಡ್ಡುಗಳ ಸದ್ದು. ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವರು, ಮುಂದೆ ಸೊಪ್ಪಿನ ಮೂಟೆ ಇಟ್ಟುಕೊಂಡವರು, ಹೂವಿನ ಬುಟ್ಟಿ ಹೊತ್ತು ಮಾರುಕಟ್ಟೆಗೆ ಧಾವಿಸುವವರು, ಎಲ್ಲರಿಗೂ ಅದೇ ಹಗುರವಾದ ಬಂಡಿ. ದುಡಿಯುವ ಮನೆಗಳ ಅಂಗಳದಲ್ಲಿ ಈ ವಾಹನವು ಇಂದಿಗೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಮನೆಯಿಂದ ಅಂಗಡಿಗೆ, ಶಾಲೆಯ ಕೆಲಸಕ್ಕೆ, ತೋಟಕ್ಕೆ ಎಂದು ನಿತ್ಯ ನಾಲ್ಕಾರು ಕಿಲೋಮೀಟರು ಓಡಾಡುವ ಕುಟುಂಬಗಳು ಮೊಪೆಡ್ ಕೊಳ್ಳುವ ವಿಚಾರ ಮಾಡುವುದು ಸಹಜ. ಆದರೆ ಅಗ್ಗದಲ್ಲಿ ದೊರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಕೊಂಡ ಬಂಡಿಯು ಮುಂದೆ ದುಬಾರಿಯಾಗಿ ಪರಿಣಮಿಸಿದ ಉದಾಹರಣೆಗಳೂ ಇವೆ. ನಮ್ಮ ಮನೆಯೂ ಅದಕ್ಕೆ ಹೊರತಾಗಲಿಲ್ಲ. ಆದುದರಿಂದ ನಾವು ಕಲಿತದ್ದನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸುತ್ತೇವೆ.

ಲೂನಾದಿಂದ ಎಕ್ಸೆಲ್‌ವರೆಗೆ

ಸ್ಕೂಟರಿಗಾಗಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, 1972ರಲ್ಲಿ, ಪುಣೆಯ ಕೈನೆಟಿಕ್ ಸಂಸ್ಥೆಯು ಲೂನಾ ಎಂಬ ಪುಟ್ಟ ಮೊಪೆಡ್ಡನ್ನು ಹೊರತಂದಿತು. ಪೆಟ್ರೋಲು ಮುಗಿದರೆ ಸೈಕಲ್ಲಿನಂತೆ ಪೆಡಲು ತುಳಿದು ಮನೆ ಸೇರಬಹುದಾಗಿದ್ದ ಆ ಬಂಡಿಯು ಗುಮಾಸ್ತರಿಗೆ, ಉಪಾಧ್ಯಾಯರಿಗೆ ಒಂದು ವರದಾನವೇ ಆಯಿತು. 1980ರಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರುವ ಹೊಸೂರಿನ ಕಾರ್ಖಾನೆಯಿಂದ ಇಬ್ಬರು ಕುಳಿತು ಹೋಗಬಹುದಾದ ಟಿ.ವಿ.ಎಸ್. 50 ಬಂದಿತು. ನಮ್ಮ ತಂದೆಯವರು 1984ರಲ್ಲಿ ಕೊಂಡದ್ದು ಅದನ್ನೇ. ಪೆಟ್ರೋಲಿನೊಡನೆ ಅಳತೆಯಂತೆ ಆಯಿಲ್ ಬೆರೆಸಿ ಹಾಕಿಸುವುದು ಅವರಿಗೆ ಒಂದು ವ್ರತದಂತಿತ್ತು.

ಆ ಎರಡು ಸ್ಟ್ರೋಕಿನ ಬಂಡಿಗಳ ಕಾಲ ಈಗ ಮುಗಿದಿದೆ. ಅದೇ ಸಂಸ್ಥೆಯು 2015ರಲ್ಲಿ ನಾಲ್ಕು ಸ್ಟ್ರೋಕಿನ, 99.7 ಸಿ.ಸಿ. ಇಂಜಿನ್ನಿನ ಎಕ್ಸೆಲ್ 100 ಬಂಡಿಯನ್ನು ಹೊರತಂದಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಕಾರ್ಬುರೇಟರಿನ ಸ್ಥಾನದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಗುಂಡಿ ಒತ್ತಿದರೆ ಹೊರಡುವ ಮಾದರಿಗಳೂ ಇವೆ. ಲೂನಾ ಎಂಬ ಹೆಸರು 2024ರಲ್ಲಿ ಬ್ಯಾಟರಿಯಿಂದ ಓಡುವ ಇ-ಲೂನಾ ರೂಪದಲ್ಲಿ ಮರಳಿ ಬಂದಿತು. ಹೀಗೆ ಹೆಸರು ಹಳೆಯದಾದರೂ ಬಂಡಿ ಹಳೆಯದಲ್ಲ. ಈ ಮಾತಿನ ಮಹತ್ವ ಲೇಖನದ ಕೊನೆಯಲ್ಲಿ ತಿಳಿಯುತ್ತದೆ.

ದೂರವೆಷ್ಟು, ಭಾರವೆಷ್ಟು?

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ದೂರದ್ದು. ಮೊಪೆಡ್ಡಿನಲ್ಲಿ ಗೇರುಗಳಿಲ್ಲ. ಇಂಜಿನ್ನಿನ ವೇಗ ಹೆಚ್ಚಿದಂತೆ ಕ್ಲಚ್ಚು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕಲಿಯುವುದು ಸುಲಭ. ನಿಂತು ನಿಂತು ಸಾಗಬೇಕಾದ ಪೇಟೆ ಬೀದಿಯಲ್ಲಿ ಕೈಕಾಲಿಗೆ ಆಯಾಸವಿಲ್ಲ. ಆದರೆ ನಾಲ್ಕು ಅಶ್ವಶಕ್ತಿಗಿಂತ ಸ್ವಲ್ಪ ಹೆಚ್ಚು ಬಲದ ಈ ಬಂಡಿಯನ್ನು ಹೆದ್ದಾರಿಯಲ್ಲಿ ಲಾರಿ ಬಸ್ಸುಗಳ ನಡುವೆ ಓಡಿಸುವುದು ಅಪಾಯಕರ. ಹಿಂದಿನಿಂದ ಬರುವವರ ವೇಗಕ್ಕೂ ನಮ್ಮ ವೇಗಕ್ಕೂ ಇರುವ ಅಂತರವೇ ಅಲ್ಲಿ ಶತ್ರು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೇ ನಿಷೇಧಿಸಲಾಗಿದೆ. ಸರ್ವಿಸ್ ರಸ್ತೆಯಲ್ಲಿ ಮಾತ್ರ ಹೋಗಬಹುದು. ಹೋಗಿ ಬರಲು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರು, ಅದೂ ಊರೊಳಗಿನ ರಸ್ತೆ ಎನ್ನುವವರಿಗೆ ಮೊಪೆಡ್ ಸರಿ. ಅದಕ್ಕೂ ಹೆಚ್ಚಿನ ದೂರ ನಿತ್ಯ ಹೋಗುವವರು ಬೇರೆ ವಾಹನವನ್ನು ನೋಡುವುದೇ ವಿವೇಕ.

ಎರಡನೆಯದು ಭಾರ. ಎಕ್ಸೆಲ್ 100ಕ್ಕೆ ತಯಾರಕರು ಹೇಳುವ ಭಾರದ ಮಿತಿ 130 ಕಿಲೋ. ಓಡಿಸುವವರು 65 ಕಿಲೋ, ಹಿಂದೆ ಕುಳಿತವರು 50 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 15 ಕಿಲೋ ಮಾತ್ರ. ಇನ್ನು 25 ಕಿಲೋ ಅಕ್ಕಿ ಚೀಲವನ್ನು ಮುಂದೆ ಇಟ್ಟರೆ ಮಿತಿ ಮೀರಿತು. ಚೀಲ ತರುವ ದಿನ ಒಬ್ಬರೇ ಹೋಗಿ ಬರುವುದು ಸರಳವಾದ ಪರಿಹಾರ. ಅತಿಭಾರದಿಂದ ಬ್ರೇಕು ಹಿಡಿದ ಕಡೆ ಬಂಡಿ ನಿಲ್ಲುವುದಿಲ್ಲ, ಹ್ಯಾಂಡಲು ತೂಗಾಡುತ್ತದೆ.

ಖರ್ಚಿನ ಲೆಕ್ಕ

ಹೊಸ ಪೆಟ್ರೋಲ್ ಮೊಪೆಡ್ಡಿನ ಷೋರೂಮ್ ಬೆಲೆ ಸುಮಾರು 50,000 ರೂಪಾಯಿಗಳ ಆಸುಪಾಸಿನಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಆದರೆ ತೆರಿಗೆ, ನೋಂದಣಿ, ವಿಮೆ ಸೇರಿದ ಮೇಲೆ ಕೈಯಿಂದ ಹೋಗುವ ಹಣವೇ ಬೇರೆ. ಆದ್ದರಿಂದ ರಸ್ತೆಗಿಳಿಯುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಇಂಧನದ ಲೆಕ್ಕ ಕಷ್ಟವಲ್ಲ. ದಿನಕ್ಕೆ 10 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 250 ಕಿಲೋಮೀಟರು. ಲೀಟರಿಗೆ 50 ಕಿಲೋಮೀಟರು ಬಂದೀತೆಂದು ಹಿಡಿದರೆ ಐದು ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಗಿಂತ ತುಸು ಹೆಚ್ಚೆಂದರೂ ತಿಂಗಳಿಗೆ ಐನೂರು ಚಿಲ್ಲರೆ. ನಿತ್ಯ ಆಟೋ ಹತ್ತುವ ಕುಟುಂಬಕ್ಕೆ ಇದು ನಿಜವಾದ ಉಳಿತಾಯ. ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚು ಇಲ್ಲದಂತಾಗಿದೆ. ಮನೆಯ ಹೆಣ್ಣುಮಕ್ಕಳ ಓಡಾಟಕ್ಕೆಂದು ಬಂಡಿ ಕೊಳ್ಳುವವರು, ತಮ್ಮ ಬೀದಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದೇ ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಬ್ಯಾಟರಿ ಬಂಡಿಗೆ ನಿತ್ಯದ ಖರ್ಚು ಇನ್ನೂ ಕಡಿಮೆ. ಆದರೆ ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ನಂತರ ಬದಲಿಸಲು ತಗಲುವ ವೆಚ್ಚವೆಷ್ಟು, ನಮ್ಮ ಊರಿನಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಮುಂಗಡ ಕೊಡಬಾರದು.

ಹಳೆಯ ಬಂಡಿ ಕೊಳ್ಳುವಾಗ

ಕೆಲವು ವರ್ಷಗಳ ಹಿಂದೆ ನಾವು ಪರಿಚಯದವರೊಬ್ಬರ ಮೂಲಕ ಸೆಕೆಂಡ್ ಹ್ಯಾಂಡ್ ಮೊಪೆಡ್ ಒಂದನ್ನು ಕೊಂಡೆವು. ಬೆಲೆ ಕಡಿಮೆ, ಇಂಜಿನ್ನಿನ ಸದ್ದು ಚೆನ್ನ, ಮಾರುವವರು ಗುರುತಿನವರು. “ಹೆಸರು ಬದಲಾವಣೆಗೆ ಅವಸರವೇನು?” ಎಂದು ಅವರೂ ಅಂದರು, ನಾವೂ ಸುಮ್ಮನಾದೆವು. ನಾಲ್ಕು ತಿಂಗಳ ಮೇಲೆ ಆರ್.ಟಿ.ಓ. ಕಛೇರಿಗೆ ಹೋದಾಗ ಆರ್.ಸಿ.ಯಲ್ಲಿ ಹಳೆಯ ಸಾಲದ ಸಂಸ್ಥೆಯ ಹೆಸರು ಇನ್ನೂ ಹಾಗೆಯೇ ಇದ್ದದ್ದು ತಿಳಿಯಿತು. ಸಾಲ ತೀರಿತ್ತು, ಆದರೆ ತೀರಿದ ಪತ್ರವನ್ನು ಯಾರೂ ಪಡೆದಿರಲಿಲ್ಲ. ಆ ಒಂದು ಕಾಗದಕ್ಕಾಗಿ ನಾವು ಅಲೆದ ಅಲೆದಾಟದಲ್ಲಿ, ಕಡಿಮೆ ಬೆಲೆಯಲ್ಲಿ ಉಳಿಸಿದ್ದೆಲ್ಲವೂ ಕರಗಿಹೋಯಿತು.

ಇದು ಕೇವಲ ಅಲೆದಾಟದ ಮಾತಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರೆಂದೂ, ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಹೆಸರು ಬದಲಾಯಿಸುವ ಅವಸರ ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚಿರಬೇಕು. ಫಾರಂ 29 ಮತ್ತು 30ಕ್ಕೆ ಸಹಿಯಾಗಬೇಕು. ಸಾಲವಿದ್ದ ಬಂಡಿಯಾದರೆ ಫಾರಂ 35 ಮತ್ತು ಸಾಲ ಕೊಟ್ಟವರ ಪತ್ರವೂ ಬೇಕು.

ಬಂಡಿಯನ್ನು ನೋಡಲು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಇಂಜಿನ್ ತನ್ನ ರೋಗವನ್ನು ಮರೆಮಾಚುತ್ತದೆ. ಆರ್.ಸಿ.ಯ ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ಬಂಡಿಯ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಬಾಕಿ ಇರುವ ದಂಡ, ಹೊಗೆ ತಪಾಸಣೆಯ ಪತ್ರ, 2019ರ ಏಪ್ರಿಲ್‌ಗೆ ಮುಂಚಿನ ಬಂಡಿಯಾದರೆ ಹೊಸ ಮಾದರಿಯ ನಂಬರ್ ಪ್ಲೇಟು, ಇವನ್ನೂ ವಿಚಾರಿಸಬೇಕು. ನೋಂದಣಿಯ ಅವಧಿ 15 ವರ್ಷ. ಹದಿನಾಲ್ಕನೆಯ ವರ್ಷದ ಬಂಡಿ ಅಗ್ಗವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ವಿಮೆಯನ್ನಂತೂ ಮರೆಯಲೇಬಾರದು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ವರ್ಷ ನಿಶ್ಚಿಂತೆಯಿಂದಿದ್ದವರು ಆರನೆಯ ವರ್ಷ ಅದನ್ನು ಮರೆಯುತ್ತಾರೆ. ವಿಮೆಯಿಲ್ಲದ ಬಂಡಿ ಯಾರಿಗಾದರೂ ತಗುಲಿದರೆ ಪರಿಹಾರವನ್ನು ಮನೆಮಾರು ಮಾರಿಯಾದರೂ ಕೊಡಬೇಕಾಗಿ ಬರಬಹುದು.

ಸಣ್ಣ ಓಟದ ಸಣ್ಣ ಜೋಪಾನ

ಕಡಿಮೆ ಓಡುವ ಬಂಡಿಗೆ ಆರೈಕೆ ಬೇಡವೆಂಬುದು ತಪ್ಪು ಕಲ್ಪನೆ. ಎರಡು ಕಿಲೋಮೀಟರು ಓಡಿ ನಿಂತ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವಾಂಶವು ಆವಿಯಾಗದೆ ಆಯಿಲಿನಲ್ಲಿ ಸೇರುತ್ತದೆ. ಆದ್ದರಿಂದ ಕಿಲೋಮೀಟರು ತುಂಬಿಲ್ಲವೆಂದು ಕಾಯದೆ, ಕೈಪಿಡಿ ಹೇಳಿದ ತಿಂಗಳು ತುಂಬಿದೊಡನೆ ಆಯಿಲ್ ಬದಲಾಯಿಸಬೇಕು. ಗುಂಡಿ ಒತ್ತಿ ಹೊರಡುವ ಬಂಡಿಗಳ ಬ್ಯಾಟರಿಯೂ ಸಣ್ಣ ಓಟಗಳಲ್ಲಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಇಂಜಿನ್ನಿಗೂ ಬ್ಯಾಟರಿಗೂ ಹಿತ.

ವಾರಕ್ಕೊಮ್ಮೆ ಟೈರಿನ ಗಾಳಿ, ಮಳೆಯಲ್ಲಿ ನೆನೆದ ಮೇಲೆ ಚೈನಿಗೆ ಎಣ್ಣೆ, ತಿಂಗಳಿಗೊಮ್ಮೆ ಬ್ರೇಕಿನ ಬಿಗಿ, ಇಷ್ಟನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಹಿಂಬದಿಯ ಸೀರೆ ಗಾರ್ಡನ್ನು ಮೂಟೆ ಕಟ್ಟಲು ಅಡ್ಡಿಯೆಂದು ಬಿಚ್ಚಿಹಾಕುವವರನ್ನು ನಾವು ಕಂಡಿದ್ದೇವೆ. ಸೆರಗು ಚಕ್ರಕ್ಕೆ ಸಿಕ್ಕಿದರೆ ಒಂದು ಕ್ಷಣ ಸಾಕು. ಹತ್ತಿರದ ದಾರಿಯೆಂದು ಹೆಲ್ಮೆಟ್ಟನ್ನು ಮನೆಯಲ್ಲಿ ಬಿಡುವುದೂ ಹಾಗೆಯೇ. ಓಡಿಸುವವರಿಗೂ ಹಿಂದೆ ಕುಳಿತವರಿಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ಕಡ್ಡಾಯ. ನೆಲಕ್ಕೆ ಬಿದ್ದ ತಲೆಗೆ ಮನೆ ಎಷ್ಟು ಹತ್ತಿರವಿತ್ತು ಎಂಬುದು ಗೊತ್ತಾಗುವುದಿಲ್ಲ.

ಮಕ್ಕಳ ಕೈಗೆ ಬೀಗದ ಕೈ

ಕೊನೆಯದಾಗಿ, ನಮ್ಮ ಮನೆಯಲ್ಲಿ ಈಚೆಗೆ ನಡೆದ ಸಂಗತಿ. ನಮ್ಮ ತಮ್ಮನ ಮಗನಿಗೆ ಹದಿನಾರು ತುಂಬಿತು. ಪಿ.ಯು. ಕಾಲೇಜು ಮನೆಗೆ ನಾಲ್ಕು ಕಿಲೋಮೀಟರು. “ದೊಡ್ಡಪ್ಪಾ, ಅಪ್ಪ ಹದಿನಾರನೇ ವಯಸ್ಸಿಗೇ ಮೊಪೆಡ್ ಓಡಿಸ್ತಿದ್ರಂತೆ. ನಂಗ್ಯಾಕೆ ಕೊಡಲ್ಲ?” ಎಂದು ಕೇಳಿದ. ಪ್ರಶ್ನೆಯಲ್ಲಿ ಸುಳ್ಳಿರಲಿಲ್ಲ. ನಮ್ಮ ತಮ್ಮ 1992ರಲ್ಲಿ ತಂದೆಯವರ ಒಪ್ಪಿಗೆಯೊಡನೆ ಲೈಸೆನ್ಸ್ ಪಡೆದು ಅದೇ ಟಿ.ವಿ.ಎಸ್. 50ನ್ನು ಓಡಿಸಿದ್ದು ನಿಜ. ಗೇರಿಲ್ಲದ, 50 ಸಿ.ಸಿ. ಮೀರದ ಬಂಡಿಯನ್ನು ಹದಿನಾರು ತುಂಬಿದವರು ಓಡಿಸಬಹುದೆಂದು ಕಾನೂನು ಇಂದಿಗೂ ಹೇಳುತ್ತದೆ. ಆದರೆ ಇಂದಿನ ಮೊಪೆಡ್ಡಿನ ಇಂಜಿನ್ 99.7 ಸಿ.ಸಿ. ಹೆಸರು ಅದೇ ಆದರೂ ಬಂಡಿ ಅದಲ್ಲ. ಇದಕ್ಕೆ ಹದಿನೆಂಟು ತುಂಬಲೇಬೇಕು. ಈ ವ್ಯತ್ಯಾಸವನ್ನು ತಿಳಿಯದ ತಂದೆತಾಯಿಗಳು ಎಷ್ಟೋ ಮಂದಿ. ನಾವೂ ಅವನ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಇದನ್ನು ತಿಳಿದದ್ದು.

2019ರ ತಿದ್ದುಪಡಿಯ ಮೇಲೆ ಇದು ಸಣ್ಣ ತಪ್ಪಾಗಿ ಉಳಿದಿಲ್ಲ. ಅಪ್ರಾಪ್ತ ವಯಸ್ಕರು ಬಂಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ; ಬಂಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು; ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸಿಲ್ಲದವರ ಕೈಯಲ್ಲಿ ಅಪಘಾತವಾದರೆ ವಿಮೆಯವರು ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಇವೆಲ್ಲಕ್ಕಿಂತ ಮಿಗಿಲಾದುದು ಎದುರಿನಿಂದ ಬರುವ ಮತ್ತೊಬ್ಬರ ಮನೆಯ ಮಗು.

ಹುಡುಗನನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆವು. ಮುಖ ಸಣ್ಣದು ಮಾಡಿಕೊಂಡು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅವನ ಅಮ್ಮನೊಡನೆ ಹೋಗಿ ಹಳೆಯ ಸೈಕಲ್ಲಿಗೆ ಹೊಸ ಟೈರು ಹಾಕಿಸಿಕೊಂಡು ಬಂದ. ಈಗ ಸೈಕಲ್ಲಿನಲ್ಲಿಯೇ ಕಾಲೇಜಿಗೆ ಹೋಗುತ್ತಿದ್ದಾನೆ. ಮಳೆ ಬಂದ ದಿನ ಬಸ್ಸು. ಭಾನುವಾರ ಮೊಪೆಡ್ಡಿನ ಚೈನಿಗೆ ಎಣ್ಣೆ ಹಾಕುವ ಕೆಲಸ ಅವನದೇ. ಹದಿನೆಂಟು ತುಂಬಿದ ದಿನ ಆರ್.ಟಿ.ಓ. ಕಛೇರಿಗೆ ಕರೆದೊಯ್ಯುವುದಾಗಿ ನಾವು ಮಾತು ಕೊಟ್ಟಿದ್ದೇವೆ.

ಕೊಂಡ ದಿನದ ಬೆಲೆಯೊಂದರಿಂದಲೇ ಬಂಡಿ ಅಗ್ಗವಾಗುವುದಿಲ್ಲ. ದೂರ ತಿಳಿದು, ಭಾರ ಅರಿತು, ಕಾಗದಪತ್ರ ಸರಿಯಿಟ್ಟು, ಬೀಗದ ಕೈಯನ್ನು ತಕ್ಕವರ ಕೈಗೆ ಕೊಟ್ಟ ಮನೆಗೆ ಮಾತ್ರ ಅದು ಕೊನೆಯವರೆಗೂ ಅಗ್ಗವಾಗಿ ಉಳಿಯುತ್ತದೆ. ಬಂಡಿ ಕೊಳ್ಳಲು ಹೊರಟಿರುವ ಬಾಂಧವರು ಹಣ ಎಣಿಸುವ ಮುನ್ನ ಈ ನಾಲ್ಕನ್ನು ಎಣಿಸಿಕೊಳ್ಳಲೆಂಬುದೇ ನಮ್ಮ ವಿನಂತಿ.