ಮೋಡಕ್ಕೂ ಬೇಕು ಉಪ್ಪಿನ ಕಣ

ಅಕ್ಕಲಕೋಟೆಯ ನಮ್ಮ ಕಿರಾಣಿ ಅಂಗಡಿಯಲ್ಲಿ ಮಳೆಗಾಲ ಬಂತೆಂದರೆ ಉಪ್ಪಿನ ಚೀಲ ತಾನೇ ನೀರೊಡೆಯುತ್ತದೆ. ಹೊರಗೆ ಮಾತ್ರ ಹನಿ ಇಲ್ಲ. "ಮೋಡ ಬರ್ತಾವ, ಹೋಗ್ತಾವ. ನಮ್ಮ ತೊಗರಿಗೆ ಏನ್ ಬಂತ್ರಿ ಸಾವ್ಕಾರ್ರ?" ಎಂದು ಉದ್ರಿ ಬರೆಸಲು ಬಂದ ರೈತರು ಕೇಳುತ್ತಾರೆ. ಅವರ ಮಳೆ ತಪ್ಪಿದರೆ ನನ್ನ ವಸೂಲಿಯೂ ತಪ್ಪಿತು.

ಸಹ್ಯಾದ್ರಿ ಹೆಚ್ಚಿನ ನೀರನ್ನು ಆಚೆಗೇ ಇಳಿಸಿಕೊಳ್ಳುತ್ತದೆ. ಇನ್ನೊಂದು ಕಾರಣ ಆ ಉಪ್ಪಿನ ಚೀಲದಲ್ಲೇ ಅದ. ಗಾಳಿಯ ತೇವ ತಂಪಾದರಷ್ಟೇ ಸಾಲದು, ಹನಿ ಕಟ್ಟಲು ಕಣ ಬೇಕು: ಕಡಲ ಉಪ್ಪು, ಧೂಳು, ಹೊಗೆ. ಎಲ್ಲ ಕಣವೂ ಒಂದೇ ಅಲ್ಲ. ಉಪ್ಪು ತೇವ ಎಳೆದುಕೊಂಡು ದೊಡ್ಡ ಹನಿ ಕಟ್ಟುತ್ತದೆ. ಹೊಗೆಯ ಸಣ್ಣ ಕಣಗಳು ವಿಪರೀತವಾದರೆ ಇದ್ದ ನೀರೇ ಹಂಚಿಹೋಗಿ ಹನಿಗಳು ಸಣ್ಣವಾಗೇ ಉಳಿಯುತ್ತವೆ. ಒಂದು ಮಳೆಹನಿಗೆ ಸುಮಾರು 10 ಲಕ್ಷ ಮೋಡದ ಹನಿ ಕೂಡಬೇಕು. ಅವು ಕೂಡುವುದರೊಳಗೆ ಮೋಡವೇ ದಾಟಿ ಹೋಗಿರುತ್ತದೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರ ಮಳೆಗಾಲದಲ್ಲಿ ಸೊಲ್ಲಾಪುರದಲ್ಲಿ ಇದನ್ನೇ ಪರೀಕ್ಷಿಸಿತು. ವಿಮಾನದಿಂದ ಮೋಡದ ಬುಡಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಲವಣದ ಹೊಗೆ ಬಿಟ್ಟರು. ಗಾಳಿ ಸಾಗುವ ದಿಕ್ಕಿನ 100 ಚದರ ಕಿ.ಮೀ. ಪ್ರದೇಶದಲ್ಲಿ ಮಳೆ ಸರಾಸರಿ ಶೇ. 18 ಹೆಚ್ಚಿತೆಂದು 2023ರಲ್ಲಿ ವರದಿಯಾಯಿತು.

ಆದರೆ ಉಪ್ಪು ಮೋಡ ಹುಟ್ಟಿಸದು. ತೇವ ತುಂಬಿದ, ತಕ್ಕ ಮೋಡ ಮೊದಲೇ ಇರಬೇಕು. "ಮೋಡ ಬಿತ್ತುತ್ತೇವೆ" ಎನ್ನುವವರಿಗೆ ಅಂಗಡಿಯವನ ಲೆಕ್ಕ ಇಷ್ಟೇ: ಸೊನ್ನೆಗೆ ಶೇ. 18 ಸೇರಿಸಿದರೂ ಸೊನ್ನೆಯೇ.