ಅರ್ಕಾವತ್ತಿನ ಲಕ್ಷ್ಯವೂ ಬ್ರೌಸರಿನ ಲಕ್ಷಣವೂ

ಹೊಸದುರ್ಗವೆಂಬ ಊರ ಹೆಸರಿನಲ್ಲಿ ಹೊ, ಸ, ದು, ರ್ಗ ಎಂದು ನಾಲ್ಕು ಅಕ್ಷರಗಳಿವೆ. ಇವುಗಳಲ್ಲಿ ಕಡೆಯದು ವಿಚಾರಾರ್ಹವಾದುದು. ಉಚ್ಚಾರಣೆಯಲ್ಲಿ ರೇಫವು ಗಕಾರಕ್ಕೆ ಮೊದಲು ಬರುತ್ತದೆ. ಬರವಣಿಗೆಯಲ್ಲಾದರೋ ಅದರ ಗುರುತಾದ ಅರ್ಕಾವತ್ತು ಗಕಾರದ ಬಲಗಡೆಗೆ ನಿಲ್ಲುತ್ತದೆ. ಚಿತ್ರದುರ್ಗವೆಂಬಲ್ಲಿ ಅದೇ ರೇಫವು ಒಮ್ಮೆ ತಕಾರದ ಒತ್ತಾಗಿಯೂ ಒಮ್ಮೆ ಅರ್ಕಾವತ್ತಾಗಿಯೂ ಎರಡು ರೂಪಗಳನ್ನು ತಾಳುತ್ತದೆ. ಲಿಪಿಕಾರನು ಇದನ್ನು ರೂಢಿಯಿಂದಲೇ ಬಲ್ಲನು. ಯಂತ್ರಕ್ಕೆ ಸೂತ್ರವನ್ನು ವಿಧಿಸಬೇಕು. ಆ ಸೂತ್ರವನ್ನು ಕಾಲಾನುಗುಣವಾಗಿ ತಿದ್ದುವಾಗ ಹಿಂದಿನ ಬರಹಗಳು ಕೆಡದಂತೆ ಕಾಯುವ ಬಗೆ ಹೇಗೆಂಬುದೇ ಪ್ರಕೃತ ವಿಷಯ.

೧೯೮೮ರ ಇಸ್ಕಿ ಸಂಕೇತಕ್ರಮವನ್ನು ಅನುಸರಿಸಿ ಯೂನಿಕೋಡ್ ೧೯೯೧ರಲ್ಲಿ ಕನ್ನಡಕ್ಕೆ ಸ್ಥಾನವನ್ನು ಕಲ್ಪಿಸಿತು. ಅದರಲ್ಲಿ ವರ್ಣಗಳು ಉಚ್ಚಾರಕ್ರಮದಲ್ಲಿಯೇ ನಿಲ್ಲುತ್ತವೆ. ಹೊಸದುರ್ಗವು ಹ, ಒತ್ವ, ಸ, ದ, ಉತ್ವ, ರ, ವಿರಾಮ, ಗ ಎಂಬ ೮ ಸಂಕೇತಗಳ ಸಾಲು. ಈ ಸಾಲನ್ನು ಆಕೃತಿಯನ್ನಾಗಿ ಮಾಡುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳಲ್ಲಿ ಹಾರ್ಫ್‌ಬಜ್ ಎಂಬ ಕ್ರಮವಿಧಿಯು ನಡೆಸುತ್ತದೆ. ಅದು ಮೊದಲು ಅಕ್ಷರವಿಭಾಗವನ್ನು ಮಾಡಿ, ಬಳಿಕ ಸ್ಥಾನವ್ಯತ್ಯಾಸವನ್ನು ವಿಧಿಸಿ, ಕಡೆಗೆ ಫಾಂಟಿನಿಂದ ತಕ್ಕ ಆಕೃತಿಗಳನ್ನು ಆರಿಸುತ್ತದೆ.

ರೇಫ, ವಿರಾಮ, ವ್ಯಂಜನ ಎಂಬ ಕ್ರಮವು ಬಂದರೆ ಅರ್ಕಾವತ್ತಾಗುವುದು ಉತ್ಸರ್ಗ. ಆದರೆ ರಕಾರವನ್ನು ಮೇಲೆಯೇ ಉಳಿಸಿ ಗಕಾರವನ್ನು ಒತ್ತಾಗಿ ಬರೆಯುವ ರ‍್ಗ ಎಂಬ ರೂಪವೂ ಉಂಟು. ಅದಕ್ಕಾಗಿ, ಕಣ್ಣಿಗೆ ಕಾಣದ ಶೂನ್ಯಾಗಲದ ಸಂಯೋಜಕವನ್ನು ರಕಾರ ವಿರಾಮಗಳ ನಡುವೆ ಇಡಬೇಕೆಂಬುದು ಅಪವಾದ. ಆದರೆ ಈ ಸಂಯೋಜಕವನ್ನು ವಿರಾಮದ ನಂತರ ಇಟ್ಟು ಬರೆದ ಹಿಂದಿನ ಬರಹಗಳೂ ಇವೆ. ಅವನ್ನು ದೋಷವೆಂದು ತಳ್ಳಿದರೆ ಬರೆದವರ ಇಷ್ಟರೂಪವೇ ನಷ್ಟವಾಗುವುದು. ಆದಕಾರಣ ಹಾರ್ಫ್‌ಬಜ್‌ನಲ್ಲಿ ಆ ಹಳೆಯ ಕ್ರಮವೂ ಹೊಸ ಕ್ರಮದಂತೆಯೇ ನಡೆಯತಕ್ಕದ್ದೆಂದು ವಿಧಿಸಲಾಗಿದೆ. ವೈಯಾಕರಣರ ಸ್ಥಾನಿವದ್ಭಾವವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಇನ್ನೊಂದು ಉದಾಹರಣೆ. ಹಳೆಯ ಪದ್ಧತಿಯ ಫಾಂಟುಗಳಲ್ಲಿ ಒತ್ತಕ್ಷರವು ಸಿದ್ಧಿಸಬೇಕಾದರೆ ನಡುವಿನ ವಿರಾಮವನ್ನು ಕಡೆಯ ವ್ಯಂಜನದ ಮುಂದಕ್ಕೆ ಸಾಗಿಸಬೇಕು. ಚ್ಚ್ ಎಂಬಲ್ಲಿ ಕಡೆಯಲ್ಲಿ ಆಗಲೇ ಒಂದು ವಿರಾಮವಿರುತ್ತದೆ. ಅಂಥ ಕಡೆ ಸಾಗಿಸಕೂಡದೆಂಬುದು ಕನ್ನಡಕ್ಕೆ ಹೇಳಿದ ನಿಷೇಧ. ದೇವನಾಗರಿ, ಬಂಗಾಳಿ, ಮಲಯಾಳ ಲಿಪಿಗಳಿಗೆ ಈ ನಿಷೇಧವಿಲ್ಲ. ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ತೋರಿದ ದೋಷದಿಂದ ಈ ಸೂಕ್ಷ್ಮವು ಹೊರಪಟ್ಟಿತು.

ಇಂಥ ಸೂತ್ರಗಳನ್ನು ಕಾಯುವವು ಪರೀಕ್ಷೆಗಳು. ಒಂದೊಂದು ಪರೀಕ್ಷೆಯಲ್ಲಿಯೂ ಇಂಥ ಫಾಂಟು, ಇಂಥ ಸಂಕೇತಗಳು, ಬರಬೇಕಾದ ಆಕೃತಿಗಳು ಇಂಥವು ಎಂದು ಬರೆದಿಟ್ಟಿರುತ್ತದೆ. ಒಂದು ಸೂತ್ರವನ್ನು ತಿದ್ದಿದಾಗ ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸುತ್ತಾರೆ. ವೃತ್ತಿಕಾರರು ಸೂತ್ರದ ಕೆಳಗೆ ಉದಾಹರಣವನ್ನೂ ಪ್ರತ್ಯುದಾಹರಣವನ್ನೂ ಕೊಡುವುದಕ್ಕೆ ಇದು ಸದೃಶವಾದುದು. ರ್ಗ ಉದಾಹರಣ, ರ‍್ಗ ಪ್ರತ್ಯುದಾಹರಣ. ಎರಡನೆಯದಿಲ್ಲದಿದ್ದರೆ ಸೂತ್ರವು ಅತಿವ್ಯಾಪ್ತವಾದುದು ತಿಳಿಯುವುದೇ ಇಲ್ಲ. ಇಷ್ಟಲ್ಲದೆ, ಬರೆದು ತೋರಿಸಿದ ಪುಟವನ್ನು ಮಾದರಿಯ ಪುಟದೊಡನೆ ಚಿತ್ರವಾಗಿಯೇ ಹೋಲಿಸುವ ಪರೀಕ್ಷೆಗಳೂ ಬ್ರೌಸರುಗಳಲ್ಲಿ ಉಂಟು.

ಸೂತ್ರಗಳ ಭಾಷೆಯೇ ಬದಲಾದಾಗ ಪರೀಕ್ಷೆಗಳ ಬೆಲೆ ಮತ್ತಷ್ಟು ವ್ಯಕ್ತವಾಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿರುವ ಹಾರ್ಫ್‌ಬಜ್ ಅನ್ನು ರಸ್ಟ್ ಭಾಷೆಗೆ ತಂದ ರಸ್ಟಿಬಜ್‌ಗೆ ಮೂಲದ ಪರೀಕ್ಷೆಗಳೇ ಒರೆಗಲ್ಲಾದವು. ಸೂತ್ರವನ್ನು ಹೊಸದಾಗಿ ರಚಿಸಬಹುದು, ಲಕ್ಷ್ಯವು ಉಳಿಯಬೇಕು.

ಆದರೆ ಆ ಲಕ್ಷ್ಯಕ್ಕೆ ಪ್ರಮಾಣ ಯಾವುದು? ಹಾರ್ಫ್‌ಬಜ್‌ನ ಕರ್ತೃಗಳು ೯,೫೦,೦೦೦ಕ್ಕೂ ಮೇಲ್ಪಟ್ಟ ಕನ್ನಡದ ಮಾದರಿಗಳನ್ನು ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಕೊಡುವ ಫಲದೊಡನೆ ಹೋಲಿಸಿ ನೋಡಿದರು. ಪರಿಶ್ರಮವು ಶ್ಲಾಘ್ಯವಾದುದೇ, ಆದರೂ ಅಲ್ಲಿ ಒಂದು ಯಂತ್ರಕ್ಕೆ ಮತ್ತೊಂದು ಯಂತ್ರವೇ ಪ್ರಮಾಣವಾಯಿತು. ಮಾದರಿಯೇ ತಪ್ಪಿದರೆ ಪರೀಕ್ಷೆಯು ಆ ತಪ್ಪನ್ನೇ ಕಾಯುತ್ತದೆ. ಶಿಷ್ಟಪ್ರಯೋಗವನ್ನು ನಿರ್ಣಯಿಸುವುದು ಕನ್ನಡ ವಿದ್ವಾಂಸರ ಅಧಿಕಾರಕ್ಕೆ ಸೇರಿದುದು. ಗ್ರಂಥಸಂಪಾದಕರೂ ಉಪಾಧ್ಯಾಯರೂ ತಾವು ಕಂಡ ವಿರಳಸಂಯುಕ್ತಾಕ್ಷರಗಳನ್ನು, ಅವುಗಳ ಸಂಕೇತಕ್ರಮದೊಡನೆಯೂ ಇಷ್ಟರೂಪದೊಡನೆಯೂ ಬರೆದು ಕರ್ತೃಗಳಿಗೆ ತಲುಪಿಸಿದರೆ, ಮುಂದಿನವರು ಸೂತ್ರಗಳನ್ನು ಎಷ್ಟು ಸಲ ತಿದ್ದಿದರೂ ಪಾಠವು ಕೆಡದು.