ಎಚ್.ಐ.ವಿ. ಸೋಂಕು ಮತ್ತು ಮರೆವು: ರೋಗಿಗಳೂ ಮನೆಯವರೂ ತಿಳಿಯಬೇಕಾದದ್ದು

ಆಸ್ಪತ್ರೆಗೆ ಬರುವ ಎಚ್.ಐ.ವಿ. ಸೋಂಕಿತರು ಜ್ವರ, ಭೇದಿ, ಕೆಮ್ಮುಗಳನ್ನು ವೈದ್ಯರಿಗೆ ಹೇಳುತ್ತಾರೆ. ತೂಕ ಇಳಿದದ್ದನ್ನೂ ಹೇಳುತ್ತಾರೆ. ಮರೆವನ್ನು ಮಾತ್ರ ಹೇಳುವುದು ಕಡಿಮೆ. ಅದೂ ಕಾಯಿಲೆಯ ಲಕ್ಷಣವಿರಬಹುದೆಂದು ಅನೇಕರಿಗೆ ಅನಿಸುವುದೇ ಇಲ್ಲ. ಜೊತೆಗೆ ಬಂದವರು ಹೇಳಿದರೂ ದೂರಿನ ರೂಪದಲ್ಲಿ ಹೇಳುತ್ತಾರೆ: "ಹೇಳಿದ್ದೊಂದೂ ತಲ್ಯಾಗ ಇಟ್ಕೊಳ್ಳೂದಿಲ್ರಿ, ಬೇಕಂತನ ಹಿಂಗ ಮಾಡ್ತಾರ." ಈ "ಬೇಕಂತನ" ಎಂಬ ಮಾತಿನ ಬಗ್ಗೆಯೇ ಈ ಕರಪತ್ರ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರಿಗೆ 45 ವರ್ಷ, ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಉದ್ರಿ ಪುಸ್ತಕ ನೋಡದೆಯೇ ಯಾರ ಬಾಕಿ ಎಷ್ಟೆಂದು ಹೇಳುತ್ತಿದ್ದವರು. ಈಗ ಕೆಲವು ತಿಂಗಳಿಂದ 100 ರೂಪಾಯಿ ನೋಟಿಗೆ ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ಸಕ್ಕರೆ ತರಲು ಒಳಗೆ ಹೋಗಿ, ಏನು ಕೇಳಿದರೆಂದು ಮರೆತು ನಿಲ್ಲುತ್ತಾರೆ. ಇಬ್ಬರು ಗಿರಾಕಿಗಳು ಒಮ್ಮೆಲೇ ಮಾತಾಡಿದರೆ ಸಿಟ್ಟಿಗೇಳುತ್ತಾರೆ. ಅಂಗಿಯ ಗುಂಡಿ ಹಾಕಲೂ ಹೊತ್ತು ಹಿಡಿಯುತ್ತದೆ. ಮಗ ಬೈಯುತ್ತಾನೆ. ಹೆಂಡತಿ ಗುಳಿಗೆ ಡಬ್ಬಿ ತೆಗೆದು ನೋಡಿದರೆ ತಿಂಗಳ ಕೊನೆಗೆ 9 ಗುಳಿಗೆ ಉಳಿದಿವೆ. ಕೇಳಿದರೆ, "ದಿನಾ ತಗೊಂಡೀನಿ" ಎಂದು ಆಣೆ ಮಾಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತೆಗೆದುಕೊಂಡಂತೆಯೇ ಅವರಿಗೆ ನೆನಪು.

ವೈರಾಣು ಮೆದುಳಿಗೂ ಹೋಗುತ್ತದೆಯೇ?

ಹೋಗುತ್ತದೆ. ಎಚ್.ಐ.ವಿ. ರಕ್ತದಲ್ಲಷ್ಟೇ ಇರುತ್ತದೆಂದು ಅನೇಕರ ತಿಳುವಳಿಕೆ. ಆದರೆ ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಅದು ಮೆದುಳನ್ನೂ ಸೇರಬಲ್ಲದು. ನಮ್ಮ ನೆನಪು, ಲೆಕ್ಕ, ಮಾತುಗಳನ್ನು ನಡೆಸುವ ನರಕೋಶಗಳನ್ನು ಅದು ನೇರವಾಗಿ ಹಿಡಿಯುವುದಿಲ್ಲ. ಅವುಗಳ ಸುತ್ತ ಕಾವಲಿಗಿರುವ ರಕ್ಷಕ ಕೋಶಗಳೊಳಗೆ ಸೇರಿಕೊಳ್ಳುತ್ತದೆ. ಆ ಕಾವಲು ಕೋಶಗಳು ಕೆರಳಿ ಹೊರಬಿಡುವ ವಸ್ತುಗಳಿಂದ ನರಕೋಶಗಳು ನಿಧಾನವಾಗಿ ಸೊರಗುತ್ತವೆ. ಹೊಲದ ಬೇಲಿಗೆ ಹತ್ತಿದ ಬೆಂಕಿಯ ಕಾವಿಗೆ ಒಳಗಿನ ಪೈರು ಬಾಡಿದ ಹಾಗೆ.

ಆದ್ದರಿಂದಲೇ ಇಲ್ಲಿನ ಮರೆವು ಮುಪ್ಪಿನ ಮರೆವಿನಂತೆ ಇರುವುದಿಲ್ಲ. ಮಕ್ಕಳ ಹೆಸರು, ಮನೆಯ ದಾರಿ ಸಾಮಾನ್ಯವಾಗಿ ನೆನಪಿರುತ್ತವೆ. ಕೆಡುವುದು ಬುದ್ಧಿಯ ವೇಗ. ಯೋಚನೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ಒಂದಾದ ಮೇಲೊಂದು ಮಾಡಬೇಕಾದ ಕೆಲಸದ ಕ್ರಮ ತಪ್ಪುತ್ತದೆ. ದಿನವೂ ಮಾಡುವ ಪೂಜೆಯಲ್ಲೇ ಮುಂದೇನೆಂದು ತಿಳಿಯದೆ ಕೈ ನಿಲ್ಲುವುದುಂಟು. ನಡಿಗೆ ತೊಡರಬಹುದು, ಅಕ್ಷರ ಕೆಡಬಹುದು. ಎಷ್ಟೋ ಮಂದಿ ಸುಮ್ಮನೆ ಮಂಕಾಗಿ ಕುಳಿತುಬಿಡುತ್ತಾರೆ. ಮನೆಯವರು ಅದನ್ನು ಸೋಮಾರಿತನವೆಂದೋ ಗರ್ವವೆಂದೋ ತಿಳಿಯುತ್ತಾರೆ.

ಇದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಕೆಲವರಲ್ಲಿ ಪರೀಕ್ಷೆ ಮಾಡಿದಾಗ ಮಾತ್ರ ತಿಳಿಯುತ್ತದೆ, ಕೆಲವರಿಗೆ ದಿನದ ಕೆಲಸಕ್ಕೆ ಸ್ವಲ್ಪ ತೊಡಕಾಗುತ್ತದೆ, ಕೆಲವೇ ಜನರಲ್ಲಿ ಬುದ್ಧಿಭ್ರಮಣೆಯ ಮಟ್ಟಕ್ಕೆ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಎ.ಆರ್.ಟಿ. ಚಿಕಿತ್ಸೆ ಆರಂಭಿಸದ ದಕ್ಷಿಣ ಭಾರತದ ಸೋಂಕಿತರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅಲ್ಪ ಅಥವಾ ಮಧ್ಯಮ ಪ್ರಮಾಣದ ಕೊರತೆ ಕಂಡುಬಂದಿತ್ತು. ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿ.ಡಿ.4 ಎಣಿಕೆ ಒಮ್ಮೆ ತೀರಾ ಕೆಳಗಿಳಿದವರಿಗೆ ಈ ಅಪಾಯ ಹೆಚ್ಚು. ಅಂದರೆ ಚಿಕಿತ್ಸೆ ತಡವಾದಷ್ಟೂ ಮೆದುಳಿಗೆ ನಷ್ಟ. ಸರ್ಕಾರದ ಉಚಿತ ಎ.ಆರ್.ಟಿ. ಯೋಜನೆ 2004ರ ಏಪ್ರಿಲ್ 1ರಂದು ಆರಂಭವಾದಾಗ ಸಿ.ಡಿ.4 ಕಡಿಮೆಯಾಗುವವರೆಗೆ ಕಾಯಬೇಕಿತ್ತು. 2017ರಿಂದ ಆ ನಿಯಮವಿಲ್ಲ. ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ದೊರೆಯುತ್ತದೆ.

ಗುಳಿಗೆಯೇ ಮರೆತರೆ?

ಈ ತೊಂದರೆಗೆ ಬೇರೆ ವಿಶೇಷ ಔಷಧಿ ಇಲ್ಲ. ಎ.ಆರ್.ಟಿ. ಗುಳಿಗೆಗಳೇ ಔಷಧಿ. ವೈರಾಣು ಅಡಗಿದರೆ ಮೆದುಳಿನ ಕೆರಳಿಕೆಯೂ ಇಳಿಯುತ್ತದೆ, ಬಹಳ ಜನ ಸುಧಾರಿಸುತ್ತಾರೆ. ಆದರೆ ಔಷಧಿಯನ್ನು ನೆನಪಿಟ್ಟು ನುಂಗಬೇಕಾದ ಬುದ್ಧಿಗೇ ಇಲ್ಲಿ ಪೆಟ್ಟು ಬಿದ್ದಿದೆ. ಗುಳಿಗೆ ತಪ್ಪಿದರೆ ವೈರಾಣು ಹೆಚ್ಚುತ್ತದೆ, ವೈರಾಣು ಹೆಚ್ಚಿದರೆ ಮರೆವು ಹೆಚ್ಚುತ್ತದೆ, ಮರೆವು ಹೆಚ್ಚಿದರೆ ಮತ್ತೆ ಗುಳಿಗೆ ತಪ್ಪುತ್ತದೆ. ಸಾಲದ್ದಕ್ಕೆ, ಮೇಲಿಂದ ಮೇಲೆ ತಪ್ಪಿದರೆ ವೈರಾಣು ಔಷಧಿಗೆ ಬಗ್ಗದಂತಾಗುವ ಭಯವೂ ಇದೆ. ಈ ಗಾಣದಿಂದ ರೋಗಿ ತಾನೇ ಬಿಡಿಸಿಕೊಂಡು ಬರಲಾರ. ಮನೆಯವರ ಕೈ ಬೇಕಾಗುವುದು ಇಲ್ಲಿಯೇ.

"ಗುಳಿಗೆ ತಗೊಂಡ್ರೇನು?" ಎಂದು ದಿನಕ್ಕೆ ನಾಲ್ಕು ಸಲ ಕೇಳುವುದರಿಂದ ಜಗಳವೇ ಹೆಚ್ಚು. ಅದಕ್ಕಿಂತ, ಎಂದೂ ತಪ್ಪದ ಒಂದು ಕೆಲಸಕ್ಕೆ ಗುಳಿಗೆಯನ್ನು ಜೋಡಿಸಿ. ಮುಂಜಾನೆ ಇಷ್ಟಲಿಂಗ ಪೂಜೆ ಮಾಡುವವರು ವಿಭೂತಿಯ ಪಕ್ಕದಲ್ಲೇ ಅಂದಿನ ಗುಳಿಗೆ ಇಟ್ಟುಕೊಳ್ಳಬಹುದು. ಬೇರೆಯವರು ನಮಾಜಿಗೋ, ಚಹಾಕ್ಕೋ, ರಾತ್ರಿಯ ರೊಟ್ಟಿ ಊಟಕ್ಕೋ ಜೋಡಿಸಿಕೊಳ್ಳಲಿ. ವಾರದ ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸೋಮವಾರದ ಮನೆ ಖಾಲಿ ಇದ್ದರೆ ಸೋಮವಾರದ್ದು ನುಂಗಿದ್ದಾಯಿತು. ಆಣೆ ಪ್ರಮಾಣದ ಅಗತ್ಯವಿಲ್ಲ. ಮೊಬೈಲಿನ ಅಲಾರಂ ಒಳ್ಳೆಯದೇ, ಆದರೆ ಅಲಾರಂ ಆರಿಸಿ ಮತ್ತೆ ಮರೆಯುವವರೂ ಇದ್ದಾರೆ.

ಒಂದು ಹೊತ್ತು ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮರುದಿನದ ವೇಳೆಯೇ ಬಂದಿದ್ದರೆ ಒಂದನ್ನೇ ನುಂಗಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಉಳಿದ ಗುಳಿಗೆಗಳನ್ನು ಬಚ್ಚಿಡಬೇಡಿ, ಎಸೆಯಬೇಡಿ. ಡಬ್ಬಿ ಸಮೇತ ಎ.ಆರ್.ಟಿ. ಕೇಂದ್ರಕ್ಕೆ ತನ್ನಿ. ಉಳಿದ 9 ಗುಳಿಗೆಗಳೇ ವೈದ್ಯರಿಗೆ ಒಂದು ದೊಡ್ಡ ಸುಳಿವು.

ಎಲ್ಲ ಮರೆವೂ ಎಚ್.ಐ.ವಿ.ಯದಲ್ಲ

ಇದನ್ನು ಒತ್ತಿ ಹೇಳಬೇಕು. ಏಕೆಂದರೆ ಬೇರೆ ಕಾರಣಗಳಿಂದ ಬಂದ ಮರೆವು ಅನೇಕ ಸಲ ಸುಲಭವಾಗಿ ಗುಣವಾಗುತ್ತದೆ. ಮನಸ್ಸಿನ ಖಿನ್ನತೆ ಅವುಗಳಲ್ಲಿ ಮೊದಲನೆಯದು. ಸೋಂಕಿನ ಸುದ್ದಿ ಕೇಳಿದ ಮೇಲೆ ನಿದ್ದೆ, ಹಸಿವು, ಮಾತು ಬಿಟ್ಟವರ ಬುದ್ಧಿ ಚುರುಕಾಗಿರುವುದಾದರೂ ಹೇಗೆ? ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಫಿಲಿಸ್ ಇವೂ ಕಾರಣವಾಗಬಹುದು. ಸೆರೆಯಂತೂ ಸರಿಯೇ, ಕುಡಿಯುತ್ತಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಶಾಕಾಹಾರಿಗಳಾದ ನಮ್ಮ ಜನ ವಿಶೇಷವಾಗಿ ನೆನಪಿಡಬೇಕಾದದ್ದು ಬಿ-12 ಜೀವಸತ್ವ. ಕಾಯಿಪಲ್ಲೆ, ಕಾಳುಗಳಲ್ಲಿ ಅದು ಇಲ್ಲ. ಹಾಲು, ಮೊಸರುಗಳಿಂದ ಸ್ವಲ್ಪ ಸಿಗುತ್ತದೆ. ಅದರ ಕೊರತೆಯಾದರೆ ಮರೆವು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದಿನಿಂದ ಸರಿಪಡಿಸಬಹುದು. ಜಾಹೀರಾತು ನೋಡಿ ನೆನಪಿನ ಶಕ್ತಿಯ ಟಾನಿಕ್ಕಿಗೆ ಹಣ ಹಾಕುವ ಮೊದಲು ಈ ಪರೀಕ್ಷೆಗಳಾಗಲಿ.

ಇನ್ನು ಕಾಯಲೇಬಾರದ ಲಕ್ಷಣಗಳಿವೆ. ಜ್ವರದೊಡನೆ ತಲೆನೋವು, ವಾಂತಿ, ಕತ್ತು ಬಿಗಿಯುವುದು, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ಒಂದೆರಡು ದಿನಗಳಲ್ಲೇ ಗುರುತು ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ಅದು ರಾತ್ರಿಯಾದರೂ, ಆಸ್ಪತ್ರೆಗೆ ಕರೆತನ್ನಿ. ಮೆದುಳಿನ ಪೊರೆಗೆ ಕ್ಷಯ ಅಥವಾ ಶಿಲೀಂಧ್ರ ತಗುಲಿರಬಹುದು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿ ಮೂರು ದಿನ ಕಳೆದರೆ ಜೀವಕ್ಕೇ ಅಪಾಯ.

ಪರೀಕ್ಷೆಗೆ ಹೆದರಬೇಡಿ

ಮರೆವಿನ ಮೊದಲ ಪರೀಕ್ಷೆಗೆ ಓದುಬರಹ ಬೇಕಿಲ್ಲ. 2005ರಲ್ಲಿ ಅಮೆರಿಕ ಮತ್ತು ಉಗಾಂಡಾ ದೇಶಗಳ ರೋಗಿಗಳಲ್ಲಿ ಪ್ರಯೋಗಿಸಿ ಪ್ರಕಟಿಸಿದ ಸರಳ ಪರೀಕ್ಷೆಯೊಂದಿದೆ. ವೈದ್ಯರು ನಾಲ್ಕು ಪದ ಹೇಳುತ್ತಾರೆ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಲು ಹೇಳುತ್ತಾರೆ. ಬಳಿಕ ಮುಷ್ಟಿ, ಅಂಗೈ, ಕೈಯ ಅಂಚು ಹೀಗೆ ಕ್ರಮವಾಗಿ ಮೇಜಿನ ಮೇಲೆ ಇಡಿಸುತ್ತಾರೆ. ಕೊನೆಗೆ ಆ ನಾಲ್ಕು ಪದಗಳನ್ನು ಕೇಳುತ್ತಾರೆ. ಒಟ್ಟು 12 ಅಂಕ; 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕೆಂದು ಅರ್ಥ, ಹುಚ್ಚು ಎಂದಲ್ಲ. ಪದ ಮರೆತಾಗ ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿ ಹೇಳಿಕೊಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಕೆಲವರಿಗೆ ಸ್ಕ್ಯಾನ್ ಬೇಕಾಗುತ್ತದೆ, ಕೆಲವರಿಗೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಅಪರೂಪಕ್ಕೆ ರಕ್ತದಲ್ಲಿ ವೈರಾಣು ಅಡಗಿದ್ದರೂ ಮೆದುಳಿನ ನೀರಿನಲ್ಲಿ ಉಳಿದಿರುತ್ತದೆ. ಆಗ ಔಷಧಿ ಬದಲಿಸಬೇಕಾಗಬಹುದು. ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ಬೇಡ. ಬೆನ್ನುಹುರಿ ಮುಗಿದ ಜಾಗದ ಕೆಳಗೆ ಸೂಜಿ ಹಾಕುತ್ತಾರೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ, ಅಷ್ಟೇ.

ಗುಟ್ಟಿನ ಮಾತು

ಗುಳಿಗೆ ನೆನಪಿಸಲು ಒಬ್ಬರಿಗಾದರೂ ವಿಷಯ ತಿಳಿದಿರಬೇಕು. ಆ ಒಬ್ಬರು ಯಾರೆಂದು ರೋಗಿಯೇ ಹೇಳಲಿ. ಹೆಂಡತಿಯೋ, ತಂಗಿಯೋ, ಗೆಳೆಯನೋ ಆಗಬಹುದು. ವಾರ್ಡಿಗೆ ನೋಡಲು ಬಂದ ಸಂಬಂಧಿಕರಿಗೆಲ್ಲ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. "ನರದ ತೊಂದರೆ, ಔಷಧ ನಡದೈತಿ" ಎಂದರೆ ಸಾಕು. ಅದು ಸುಳ್ಳೂ ಅಲ್ಲ. ನಂಬಿ ಹೇಳಿದ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ನಿಷೇಧಿಸಿದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಈ ಹಾಳೆಯನ್ನು ಮನೆಗೆ ಒಯ್ಯಲು ಸಂಕೋಚವಾದರೆ ಇಲ್ಲೇ ಓದಿ ಇಟ್ಟುಹೋಗಿ.

ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು?

ಒಂದು ಸಲಕ್ಕೆ ಒಂದೇ ಮಾತು ಹೇಳಿ. ಟಿ.ವಿ. ಆರಿಸಿ ಹೇಳಿ. ಕೀಲಿಕೈ, ಕನ್ನಡಕ, ಗುಳಿಗೆಗೆ ಒಂದೊಂದು ಕಾಯಂ ಜಾಗ ಮಾಡಿ. ಮೋಟಾರ್ ಸೈಕಲ್, ಟ್ರ್ಯಾಕ್ಟರ್ ನಡೆಸುವವರು ವೈದ್ಯರನ್ನು ಕೇಳಿಯೇ ನಡೆಸಲಿ. ಗ್ಯಾಸ್ ಒಲೆಯ ಮೇಲೆ ಒಂದು ಕಣ್ಣಿರಲಿ. ಆದರೆ ಕಾಯಕ ಬಿಡಿಸಿ ಮೂಲೆಯಲ್ಲಿ ಕೂಡಿಸಬೇಡಿ. ಕೆಲಸವಿಲ್ಲದ ಬುದ್ಧಿ ಇನ್ನೂ ಬೇಗ ಮಂಕಾಗುತ್ತದೆ.

ಮೇಲೆ ಹೇಳಿದ ಅಂಗಡಿಯ ಯಜಮಾನರು ಗುಳಿಗೆ ತಪ್ಪಿಸದೆ ಒಂದು ವರ್ಷ ನಡೆದರೆ ಹೇಗಿರಬಹುದು? ಗಿರಾಕಿಗಳೊಡನೆ ಮತ್ತೆ ಮಾತು ಬಂದಿರಬಹುದು, ಕೈ ಹಗುರಾಗಿರಬಹುದು. ಲೆಕ್ಕ ಮೊದಲಿನಷ್ಟು ಚುರುಕಾಗದೆಯೂ ಉಳಿಯಬಹುದು. ಆಗ ಗಲ್ಲಾದ ಮೇಲೆ ಹೆಂಡತಿ ಕೂತು, ತಕ್ಕಡಿ ಯಜಮಾನರ ಕೈಯಲ್ಲಿರಲಿ. ಮಗನಿಗೆ ವಿಷಯ ತಿಳಿಸಬೇಕೇ ಬೇಡವೇ ಎಂಬುದನ್ನು ಗಂಡಹೆಂಡತಿ ಇಬ್ಬರೂ ಎ.ಆರ್.ಟಿ. ಕೇಂದ್ರದ ಆಪ್ತ ಸಮಾಲೋಚಕರ ಮುಂದೆ ಕುಳಿತು ತೀರ್ಮಾನಿಸಲಿ. ಕೇಂದ್ರಕ್ಕೆ ಬರಲಾಗದ ದಿನ 1097ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.